ಗೇರ್‌ಬಾಕ್ಸ್ ಸೆನ್ಸರಿಗೆ ಹೊಸ ಸ್ಪೀಡೋಮೀಟರ್: ವೈರ್ ಕತ್ತರಿಸುವ ಮುಂಚೆ ತಿಳಿದಿರಬೇಕಾದದ್ದು

ಮೀಟರ್ ಸತ್ತ ಗಾಡಿ ಓಡಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಸಿರ್ಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟಿ ಇಳಿಯುವಾಗ ಗೇರು, ಇಂಜಿನ್ ಸದ್ದು ನೋಡಿಕೊಂಡು ವೇಗ ಅಂದಾಜು ಮಾಡಬಹುದು. ಘಾಟಿ ಮುಗಿದು ಹೆದ್ದಾರಿ 66 ಸೇರಿದ ಮೇಲೆ ಆ ಅಂದಾಜು ಕೆಲಸಕ್ಕೆ ಬರುವುದಿಲ್ಲ. ಅಗಲ ರಸ್ತೆಯಲ್ಲಿ 60 ಯಾವುದು, 90 ಯಾವುದು ಅಂತ ಮೈಗೆ ಗೊತ್ತೇ ಆಗುವುದಿಲ್ಲ. ನಮ್ಮ ಉತ್ತರ ಕನ್ನಡದ ಕಡೆ ಹಳೆಯ ಜಿಪ್ಸಿ, ಓಮ್ನಿ, ಜೀಪು ಇನ್ನೂ ಬೇಕಾದಷ್ಟು ಓಡಾಡುತ್ತಿವೆ. ಅವುಗಳ ಮೀಟರ್ ಕೆಟ್ಟರೆ ಹೊಂದುವ ಹಳೆಯ ಮೀಟರ್ ಸಿಗುವುದು ಕಷ್ಟ, ಸಿಕ್ಕರೂ ಅದೂ ಯಾರೋ ಬಿಚ್ಚಿಟ್ಟ ಮಾಲು. ಹಾಗಾಗಿ ಜನ ಹೊರಗಿನ ಎಲೆಕ್ಟ್ರಾನಿಕ್ ಮೀಟರ್ ತರಿಸಿ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ವೈರಿನ ಬಣ್ಣ ನೋಡಿ ಕೂಡಿಸಿ, ಮುಳ್ಳು ಅಲ್ಲಾಡದಿದ್ದಾಗ ಮೀಟರೇ ಸರಿಯಿಲ್ಲ ಅಂದುಬಿಡುತ್ತಾರೆ. ಬಹಳ ಸಲ ಮೀಟರ್ ಸರಿಯಾಗಿಯೇ ಇರುತ್ತದೆ. ಗೇರ್‌ಬಾಕ್ಸಿನಿಂದ ಏನು ಬರುತ್ತಿದೆ ಅಂತ ಯಾರೂ ನೋಡಿರುವುದಿಲ್ಲ, ಅಷ್ಟೇ.

ಎಲೆಕ್ಟ್ರಾನಿಕ್ ಸ್ಪೀಡೋಮೀಟರಿಗೆ ವೇಗ ಅಂದರೆ ಏನು ಅಂತ ಗೊತ್ತಿಲ್ಲ. ಅದು ಎಣಿಸುತ್ತದೆ. ಗೇರ್‌ಬಾಕ್ಸಿನ ಒಳಗೆ ಗಾಲಿಯ ಜೊತೆಗೇ ತಿರುಗುವ ಒಂದು ಹಲ್ಲುಚಕ್ರ ಇರುತ್ತದೆ, ಅದರಿಂದ ಸೆನ್ಸರ್ ತಿರುಗುತ್ತದೆ, ಸೆನ್ಸರ್ ಪ್ರತಿ ಸುತ್ತಿಗೂ ಇಷ್ಟು ಅಂತ ಪಲ್ಸ್, ಅಂದರೆ ಕರೆಂಟಿನ ಪುಟ್ಟ ಮಿಡಿತ, ಕೊಡುತ್ತದೆ. ಒಂದು ಸೆಕೆಂಡಿಗೆ ಎಷ್ಟು ಪಲ್ಸ್ ಬಂತು ಅನ್ನುವುದನ್ನು, ಒಂದು ಕಿಲೋಮೀಟರಿಗೆ ಎಷ್ಟು ಪಲ್ಸ್ ಅಂತ ನೀವು ಹೇಳಿಕೊಟ್ಟ ಸಂಖ್ಯೆಯಿಂದ ಭಾಗಿಸಿ ಮುಳ್ಳನ್ನು ಎತ್ತುತ್ತದೆ. ಅಂದರೆ ನಮ್ಮ ಕೆಲಸ ಎರಡೇ. ಪಲ್ಸ್ ಮೀಟರಿನವರೆಗೆ ಸ್ವಚ್ಛವಾಗಿ ತಲುಪಬೇಕು, ಮತ್ತು ಆ ಸಂಖ್ಯೆ ಸರಿ ಇರಬೇಕು. ಮೊದಲನೆಯದು ವೈರಿಂಗ್, ಎರಡನೆಯದು ಲೆಕ್ಕ. ಜನ ಲೆಕ್ಕಕ್ಕೆ ಹೆದರುತ್ತಾರೆ, ಆದರೆ ಕೈ ಕೊಡುವುದು ಸಾಮಾನ್ಯವಾಗಿ ವೈರಿಂಗ್.

ಮೊದಲು ನಿಮ್ಮ ಗಾಡಿಯಲ್ಲಿ ಯಾವ ಥರದ ಸೆನ್ಸರ್ ಇದೆ ಅಂತ ನೋಡಿ. ಗೇರ್‌ಬಾಕ್ಸ್ ಮೇಲೆ ಕಪ್ಲರಿನಿಂದ (ವೈರು ಸಿಕ್ಕಿಸುವ ಪ್ಲಗ್) ಮೂರು ವೈರ್ ಬಂದಿದ್ದರೆ ಅದು ಬಹುತೇಕ ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತದ ಬದಲಾವಣೆ ಗುರುತಿಸುವ ಎಲೆಕ್ಟ್ರಾನಿಕ್ ಸೆನ್ಸರ್. ಒಂದು ಕರೆಂಟ್, ಒಂದು ಅರ್ಥ್, ಇನ್ನೊಂದು ಸಿಗ್ನಲ್. ಎರಡೇ ವೈರ್ ಇದ್ದರೆ ಸಾಮಾನ್ಯವಾಗಿ ಅದು ಮ್ಯಾಗ್ನೆಟಿಕ್ ಪಿಕಪ್, ಅಯಸ್ಕಾಂತದ ಮೇಲೆ ಸುತ್ತಿದ ತಂತಿ, ಅದಕ್ಕೆ ಹೊರಗಿನ ಕರೆಂಟೇ ಬೇಡ. ವೈರೇ ಇಲ್ಲದೆ ದಪ್ಪ ಕೇಬಲ್ ಬಂದು ಡ್ಯಾಶ್‌ಬೋರ್ಡಿನ ಹಿಂದೆ ಸೇರಿದ್ದರೆ ನಿಮ್ಮದು ಹಳೆಯ ಕೇಬಲ್ ಮೀಟರ್. ಜಿಪ್ಸಿ ಮತ್ತು ಹಳೆಯ ಜೀಪುಗಳಲ್ಲಿ ಈ ಕೇಬಲ್ ಹೊರಡುವುದು ಗೇರ್‌ಬಾಕ್ಸಿನಿಂದ ಅಲ್ಲ, ಅದರ ಹಿಂದಿನ ಟ್ರಾನ್ಸ್‌ಫರ್ ಕೇಸಿನಿಂದ. ಅದಕ್ಕೇ ಲೋ ಗೇರಿಗೆ ಹಾಕಿದರೂ ಮೀಟರ್ ಸರಿಯಾದ ವೇಗವನ್ನೇ ತೋರಿಸುತ್ತದೆ. ಕೇಬಲ್ ಗಾಡಿಯಾದರೆ ಕೇಬಲ್ ಬಿಚ್ಚಿದ ಜಾಗಕ್ಕೇ ತಿರುಗಿಸಿ ಕೂರಿಸುವ ಪಲ್ಸ್ ಜನರೇಟರ್ ಸಿಗುತ್ತದೆ. ಅದನ್ನು ಕೊಳ್ಳುವಾಗ ಹಳೆಯ ಕೇಬಲನ್ನೇ ಅಂಗಡಿಗೆ ಒಯ್ಯಿರಿ. ನಟ್ಟಿನ ಮರೆಯೂ (ಥ್ರೆಡ್) ಒಳಗಿನ ಚೌಕದ ತುದಿಯೂ ಹೊಂದಬೇಕು, ಕಣ್ಣಂದಾಜು ನಡೆಯುವುದಿಲ್ಲ. ಸುಜುಕಿಯ ಕೆಲವು ಹಳೆಯ ಗಾಡಿಗಳಲ್ಲಿ ಕೇಬಲ್ಲೂ ಇದೆ, ಮೀಟರಿನ ಬೆನ್ನಿಗೆ ಅಯಸ್ಕಾಂತದಿಂದ ಆನ್ ಆಫ್ ಆಗುವ ಪುಟ್ಟ ರೀಡ್ ಸ್ವಿಚ್ಚೂ ಇದೆ, ಇಂಜಿನ್ ಕಂಪ್ಯೂಟರಿಗೆ ವೇಗ ತಿಳಿಸುವುದು ಅದೇ. ಅಂಥ ಗಾಡಿಯ ಮೀಟರನ್ನು ಕಿತ್ತು ಮೂಲೆಗೆ ಇಟ್ಟರೆ ಕಂಪ್ಯೂಟರಿಗೂ ವೇಗ ಸಿಗುವುದಿಲ್ಲ.

ಈ ಕೊನೆಯ ಮಾತು ಮುಖ್ಯ. ಮೂರು ವೈರಿನ ಗಾಡಿಗಳಲ್ಲೂ ಹೀಗಾಗಬಹುದು. ಕೆಲವು ಕಾರುಗಳಲ್ಲಿ ಸಿಗ್ನಲ್ ಮೊದಲು ಮೀಟರಿಗೆ ಹೋಗಿ, ಅಲ್ಲಿಂದ ಇಂಜಿನ್ ಕಂಪ್ಯೂಟರಿಗೆ ಹೋಗುತ್ತದೆ. ಹಳೆಯ ಮೀಟರ್ ತೆಗೆದ ತಕ್ಷಣ ಚೆಕ್ ಇಂಜಿನ್ ದೀಪ ಹತ್ತುತ್ತದೆ, ಸ್ಕ್ಯಾನರ್ ಹಾಕಿದರೆ ಪಿ0500 ಅಂತ ಬರುತ್ತದೆ. ವೇಗದ ಸಿಗ್ನಲ್ ಇಲ್ಲ ಅನ್ನುವ ಕೋಡ್ ಅದು. ನಿಲ್ಲಿಸಲು ಹೋದಾಗ ಇಂಜಿನ್ ಆಫ್ ಆಗುವುದು, ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಇದ್ದರೆ ಅದರ ಹದ ತಪ್ಪುವುದು, ಇವೆಲ್ಲ ಶುರುವಾಗಬಹುದು. ಹಾಗಾಗಿ ಹಳೆಯ ಮೀಟರ್ ಬಿಚ್ಚುವ ಮುಂಚೆ ಸಿಗ್ನಲ್ ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಪತ್ತೆಮಾಡಿ. ಆ ಗಾಡಿಯ ವೈರಿಂಗ್ ಚಿತ್ರ ಸಿಕ್ಕರೆ ತುಂಬ ಅನುಕೂಲ.

ಈಗ ಹಾಲ್ ಸೆನ್ಸರಿಗೆ ಬರೋಣ. ಎಲ್ಲರೂ ತಡವರಿಸುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಿಗ್ನಲ್ ವೈರಿನಲ್ಲಿ ಸೆನ್ಸರ್ ವೋಲ್ಟೇಜ್ ಕಳಿಸುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ? ಬಹಳಷ್ಟು ಹಾಲ್ ಸೆನ್ಸರುಗಳು ಏನನ್ನೂ ಕಳಿಸುವುದಿಲ್ಲ. ಅವು ಸಿಗ್ನಲ್ ವೈರನ್ನು ಅರ್ಥಿಗೆ ಎಳೆಯುತ್ತವೆ, ಬಿಡುತ್ತವೆ, ಮತ್ತೆ ಎಳೆಯುತ್ತವೆ. ಬಿಟ್ಟಾಗ ವೈರು ಮೇಲೆ ಹೋಗಬೇಕಾದರೆ ಬೇರೆ ಯಾರೋ ಅದನ್ನು ಎತ್ತಬೇಕು. ಹಳೆಯ ಮನೆಗಳ ಏತದ ಬಾವಿ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ: ನಾವು ಹಗ್ಗ ಹಿಡಿದು ಕೆಳಗೆ ಎಳೆಯುತ್ತೇವೆ, ಬಿಟ್ಟರೆ ಆ ತುದಿಗೆ ಕಟ್ಟಿದ ಕಲ್ಲಿನ ಭಾರಕ್ಕೆ ಕೊಡ ತಾನೇ ಮೇಲೆ ಬರುತ್ತದೆ. ಎಳೆಯುವ ಕೈ ಸೆನ್ಸರ್. ಕಲ್ಲಿನ ಕೆಲಸ ಮಾಡುವುದು ಒಂದು ರೆಸಿಸ್ಟರ್, ಅದಕ್ಕೆ ಪುಲ್‌ಅಪ್ ರೆಸಿಸ್ಟರ್ ಅನ್ನುತ್ತಾರೆ. ಅದು ಸಾಮಾನ್ಯವಾಗಿ ಇಂಜಿನ್ ಕಂಪ್ಯೂಟರಿನ ಒಳಗೋ ಹಳೆಯ ಮೀಟರಿನ ಒಳಗೋ ಇರುತ್ತದೆ. ಹಳೆಯ ಮೀಟರಿನ ಜೊತೆಗೆ ಅದೂ ಹೋಯಿತು ಅನ್ನಿ, ಸೆನ್ಸರ್ ಎಷ್ಟೇ ಎಳೆದು ಬಿಟ್ಟರೂ ವೈರು ಕೆಳಗೇ ಬಿದ್ದಿರುತ್ತದೆ. ಹೊಸ ಮೀಟರಿಗೆ ಒಂದು ಪಲ್ಸೂ ಕಾಣುವುದಿಲ್ಲ. ಸೆನ್ಸರ್ ಚೆನ್ನಾಗಿದೆ, ಮೀಟರ್ ಚೆನ್ನಾಗಿದೆ, ಮುಳ್ಳು ಮಾತ್ರ ಸೊನ್ನೆಯಲ್ಲೇ.

ಇದನ್ನು ಪರೀಕ್ಷಿಸುವುದು ಸುಲಭ. ಸೆನ್ಸರಿನ ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಗಾಡಿ ಕಡೆಯ ಕಪ್ಲರಿನಲ್ಲಿ ಸಿಗ್ನಲ್ ಪಿನ್ನಿಗೂ ಅರ್ಥಿಗೂ ಮಲ್ಟಿಮೀಟರ್ ಹಿಡಿಯಿರಿ. ಅಲ್ಲಿ 5 ವೋಲ್ಟೋ 12 ವೋಲ್ಟೋ ಬಂದರೆ ಆ ಕಡೆಯಿಂದ ಪುಲ್‌ಅಪ್ ಇದೆ. ಸೊನ್ನೆ ಬಂದರೆ ಇಲ್ಲ, ನೀವೇ ಕೊಡಬೇಕು. ಕೆಲವು ಹೊಸ ಮೀಟರುಗಳ ಒಳಗೇ ಪುಲ್‌ಅಪ್ ಇರುತ್ತದೆ, ಜೊತೆಗೆ ಬಂದ ಕಾಗದದಲ್ಲಿ ಬರೆದಿರುತ್ತದೆ, ದಯವಿಟ್ಟು ಓದಿ. ಇಲ್ಲದಿದ್ದರೆ ಮೀಟರಿಗೆ ಬಂದ ಇಗ್ನಿಷನ್ ಕರೆಂಟಿಗೂ ಸಿಗ್ನಲ್ ವೈರಿಗೂ ನಡುವೆ 4.7 ಕಿಲೋ ಓಮಿನ ರೆಸಿಸ್ಟರ್ ಹಾಕಿದರೆ ಸಾಕು. 1 ಕಿಲೋದಿಂದ 10 ಕಿಲೋ ಓಮಿನವರೆಗೆ ಸಾಮಾನ್ಯವಾಗಿ ನಡೆಯುತ್ತದೆ.

ಒಂದು ಎಚ್ಚರಿಕೆ. ಕಂಪ್ಯೂಟರ್ ಆಗಲೇ 5 ವೋಲ್ಟಿನ ಪುಲ್‌ಅಪ್ ಕೊಡುತ್ತಿರುವ ವೈರಿಗೆ ನೀವು 12 ವೋಲ್ಟಿನ ಇನ್ನೊಂದು ಪುಲ್‌ಅಪ್ ಸೇರಿಸಬೇಡಿ. 5 ವೋಲ್ಟಿಗೆ ಮಾಡಿದ ಪಿನ್ನಿಗೆ ನೀವು ಹೆಚ್ಚಿನ ವೋಲ್ಟೇಜ್ ನುಗ್ಗಿಸಿದಂತಾಗುತ್ತದೆ. ಹೊಸ ಮೀಟರಿಗೆ 5 ವೋಲ್ಟಿನ ಪಲ್ಸ್ ಸಾಲದಿದ್ದರೆ ಕೆಲವರು ನಡುವೆ ಒಂದು ಸಣ್ಣ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕುತ್ತಾರೆ, ಆದರೆ ಅಷ್ಟೇ ಸಾಲದು. ಡಯೋಡಿನ ಪಟ್ಟೆ ಇರುವ ತುದಿ ಸೆನ್ಸರ್ ಕಡೆಗೆ, ಇನ್ನೊಂದು ತುದಿ ಮೀಟರ್ ಕಡೆಗೆ, ಮೀಟರ್ ಕಡೆಯಲ್ಲಿ ಅದರದ್ದೇ 12 ವೋಲ್ಟಿನ ಪುಲ್‌ಅಪ್. ಆದರೆ ಪುಲ್‌ಅಪ್‌ನಿಂದ ಡಯೋಡಿನ ಮೂಲಕ ಸೆನ್ಸರ್ ಕಡೆಗೆ ಕರೆಂಟ್ ಹರಿಯಬಾರದಲ್ಲವೇ ಅಂತ ಕೇಳಬಹುದು. ಹರಿಯುತ್ತದೆ, ಸೆನ್ಸರ್ ಕೆಳಗೆ ಎಳೆದಾಗ ಅದು ಹರಿಯಲೇಬೇಕು. ತೊಂದರೆ ಇರುವುದು ಸೆನ್ಸರ್ ಬಿಟ್ಟಾಗ: ಆಗಲೂ ಆ 12 ವೋಲ್ಟ್ ಡಯೋಡ್ ದಾಟಿ ಕಂಪ್ಯೂಟರ್ ಕಡೆ ಸೋರುತ್ತದೆ. ಅದಕ್ಕೇ ಡಯೋಡ್ ಒಂದರಿಂದ ಪೂರ್ತಿ ರಕ್ಷಣೆ ಸಿಗುವುದು ಮೀಟರ್ ಕಡೆಯ ಪುಲ್‌ಅಪ್ಪೂ 5 ವೋಲ್ಟೇ ಆಗಿದ್ದಾಗ. ಮೀಟರಿಗೆ 12 ವೋಲ್ಟಿನ ಪಲ್ಸೇ ಬೇಕು ಅಂದರೆ ನಡುವೆ ಬಫರ್ (ಎರಡು ಕಡೆಯ ವೋಲ್ಟೇಜ್ ಬೆರೆಯದಂತೆ ತಡೆಯುವ ಸರ್ಕ್ಯೂಟ್) ಇರುವ ಸಿಗ್ನಲ್ ಕನ್ವರ್ಟರ್ ಹಾಕಿ. ಸ್ವಲ್ಪ ಖರ್ಚು ಜಾಸ್ತಿ, ಆದರೆ ಇಂಜಿನ್ ಕಂಪ್ಯೂಟರಿನ ಬೆಲೆ ನೆನಪಿಸಿಕೊಂಡರೆ ಅದು ಏನೂ ಅಲ್ಲ.

ಇನ್ನೊಂದು ಮಾತು, ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಸಿಗ್ನಲ್ ವೈರಿಗೆ ಮುಟ್ಟಿಸಬೇಡಿ. ಹೆಡ್‌ಲೈಟ್ ವೈರಿಗೆ ಅದು ಸರಿ. ಸೆನ್ಸರಿನ ಒಳಗಿನ ಪುಟ್ಟ ಟ್ರಾನ್ಸಿಸ್ಟರ್ ಕೆಲವೇ ಮಿಲಿಆಂಪಿಗೆ ಮಾಡಿದ್ದು, ಬಲ್ಬ್ ಎಳೆಯುವ ಕರೆಂಟಿಗೆ ಅದು ಸುಟ್ಟುಹೋಗಬಹುದು.

ಸೆನ್ಸರ್ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಗಾಡಿ ಓಡಿಸಬೇಕಾಗಿಲ್ಲ. ಇಂಜಿನ್ ಆಫ್, ಗೇರ್ ನ್ಯೂಟ್ರಲ್, ನೆಲದಲ್ಲಿರುವ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಇಂಜಿನ್ ಎಳೆಯುವ ಗಾಲಿಗಳಲ್ಲಿ ಒಂದನ್ನು ಎತ್ತಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕಪ್ಲರ್ ಹಾಕಿಯೇ ಇರಲಿ, ಮಲ್ಟಿಮೀಟರಿನ ಸೂಜಿಯನ್ನು ಕಪ್ಲರಿನ ಹಿಂಭಾಗದಿಂದ ಸಿಗ್ನಲ್ ಪಿನ್ನಿಗೆ ತಾಗಿಸಿ, ಇಗ್ನಿಷನ್ ಆನ್ ಮಾಡಿ, ಗಾಲಿಯನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ತೆರೆಯ ಮೇಲೆ 5 ಇದ್ದದ್ದು ಒಮ್ಮೆಗೇ 0 ಆಗುತ್ತದೆ, ಇನ್ನೂ ಸ್ವಲ್ಪ ತಿರುಗಿಸಿದರೆ ಮತ್ತೆ 5. ನಡುವಿನ ಸಂಖ್ಯೆ ಬರಬಾರದು. 5ರಿಂದ 3ಕ್ಕೆ ಇಳಿದು ಅಲ್ಲೇ ನಿಂತರೆ ಅರ್ಥ್ ಸರಿಯಿಲ್ಲ, ಇಲ್ಲವೇ ಸೆನ್ಸರ್ ಹೋಗುತ್ತಾ ಬಂದಿದೆ. ಸುತ್ತಿಗೆ 4 ಪಲ್ಸಿನ ಸೆನ್ಸರ್ ಇದ್ದು, 12 ಇಂಚಿನ ಗಾಲಿಯ ಚಿಕ್ಕ ಕಾರಾದರೆ, ಒಂದೇ ಗಾಲಿ ಎತ್ತಿದಾಗ ಪೂರ್ತಿ ಒಂದು ಸುತ್ತಿಗೆ ಸುಮಾರು ಎರಡು ಪಲ್ಸ್ ಕಾಣುತ್ತದೆ. ರಸ್ತೆಯಲ್ಲಿ ಓಡುವಾಗ ಬರುವುದರ ಅರ್ಧ ಇದು. ಒಂದು ಗಾಲಿ ನಿಂತು ಇನ್ನೊಂದೇ ತಿರುಗಿದಾಗ ಡಿಫರೆನ್ಷಿಯಲ್ ಅರ್ಧ ವೇಗದಲ್ಲಿ ತಿರುಗುತ್ತದೆ, ಅದಕ್ಕೆ ಹೀಗೆ.

ಎರಡು ವೈರಿನ ಮ್ಯಾಗ್ನೆಟಿಕ್ ಪಿಕಪ್ಪಿನ ಸ್ವಭಾವವೇ ಬೇರೆ. ಅದರಲ್ಲಿ ಬರುವುದು ಎಸಿ. ವೇಗ ಹೆಚ್ಚಿದಂತೆ ಅದರ ವೋಲ್ಟೇಜೂ ಏರುತ್ತದೆ. ನಿಧಾನಕ್ಕೆ ಹೋಗುವಾಗ ಒಂದು ವೋಲ್ಟೂ ಇರುವುದಿಲ್ಲ, ಹೆದ್ದಾರಿಯಲ್ಲಿ ಹತ್ತಾರು ವೋಲ್ಟ್ ಆಗಬಹುದು. ಅದಕ್ಕೇ ಇಂಥ ಗಾಡಿಯಲ್ಲಿ ಕೆಲವು ಮೀಟರುಗಳು ಗಾಡಿ ಸ್ವಲ್ಪ ವೇಗ ಹಿಡಿಯುವವರೆಗೆ ಸೊನ್ನೆಯಲ್ಲೇ ಇದ್ದು ಆಮೇಲೆ ಒಮ್ಮೆಲೇ ಎಚ್ಚರಾಗುತ್ತವೆ. ಸೆನ್ಸರಿನ ತುದಿ ಅಯಸ್ಕಾಂತ ಆದ್ದರಿಂದ ಗೇರ್ ಎಣ್ಣೆಯಲ್ಲಿರುವ ಕಬ್ಬಿಣದ ಪುಡಿ ಅಲ್ಲಿ ಬಂದು ಅಂಟುತ್ತದೆ, ಸಿಗ್ನಲ್ ಇನ್ನೂ ಸೋಲುತ್ತದೆ. ಬಿಚ್ಚಿ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಈ ಎರಡೂ ವೈರನ್ನು ಒಂದಕ್ಕೊಂದು ಹೊಸೆದೇ ಮೀಟರಿನವರೆಗೆ ತನ್ನಿ. ಪಕ್ಕದ ವೈರುಗಳ ಗದ್ದಲ, ಅಂದರೆ ಅವುಗಳಿಂದ ಬರುವ ಬೇಡದ ಸಿಗ್ನಲ್, ಎರಡಕ್ಕೂ ಸಮನಾಗಿ ತಾಗುವುದರಿಂದ ಒಂದನ್ನೊಂದು ಕಳೆದುಕೊಳ್ಳುತ್ತದೆ. ಇಂಜಿನ್ ಕಂಪ್ಯೂಟರ್ ಇದೇ ಪಿಕಪ್ಪನ್ನು ಓದುತ್ತಿದ್ದರೆ ನೇರವಾಗಿ ಕವಲು ತೆಗೆಯಬೇಡಿ, ಹೊಸ ಮೀಟರಿನ ಭಾರಕ್ಕೆ ಸಿಗ್ನಲ್ ಕುಗ್ಗುತ್ತದೆ.

ಮೀಟರಿನ ಕಡೆ ವೈರಿಂಗ್ ಸರಳ. ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ಕರೆಂಟ್, ಅರ್ಥ್, ಸಿಗ್ನಲ್, ಮತ್ತು ಪಾರ್ಕಿಂಗ್ ಲೈಟ್ ಜೊತೆ ಹತ್ತುವ ದೀಪದ ವೈರು. ಕರೆಂಟಿಗೆ ಮೀಟರಿನವರು ಹೇಳಿದ ಸಣ್ಣ ಫ್ಯೂಸ್ ಬೇರೆಯೇ ಹಾಕಿ. ಬ್ಲೋವರ್ ಮೋಟಾರ್, ವೈಪರ್ ಇರುವ ಲೈನಿನಿಂದ ತೆಗೆಯಬೇಡಿ. ಅರ್ಥ್ ಬಗ್ಗೆ ಮಾತ್ರ ನಾನು ಹಟ ಹಿಡಿಯುತ್ತೇನೆ: ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕ ಸ್ಕ್ರೂಗೆ ಸುತ್ತಬೇಡಿ. ಕರಾವಳಿಯ ಗಾಡಿಯಲ್ಲಿ ಆ ಸ್ಕ್ರೂ ಕೆಳಗೆ ತುಕ್ಕು ಇದ್ದೇ ಇರುತ್ತದೆ. ಸೆನ್ಸರಿಗೂ ಮೀಟರಿಗೂ ಸಾಧ್ಯವಾದಷ್ಟು ಒಂದೇ ಜಾಗದಲ್ಲಿ ಅರ್ಥ್ ಕೊಡಿ, ಪೇಂಟ್ ಉಜ್ಜಿ, ವೈರಿನ ತುದಿಗೆ ಥಿಂಬಲ್ (ಬೋಲ್ಟಿಗೆ ಹಾಕುವ ಲೋಹದ ಬಳೆ) ಒತ್ತಿ, ಬೋಲ್ಟ್ ಬಿಗಿ ಮಾಡಿ.

ನಮ್ಮ ಹವೆ ಇಲ್ಲಿ ಒಂದು ದೊಡ್ಡ ವಿಷಯ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿ, ಸಿರ್ಸಿ ಕಡೆ ತಿಂಗಳುಗಟ್ಟಲೆ ಮಳೆ, ಕೆಸರು. ಸೆನ್ಸರ್ ಇರುವುದು ಗಾಡಿಯ ಹೊಟ್ಟೆಯ ಹತ್ತಿರ, ನೀರು ಎರಚುವ ಜಾಗದಲ್ಲಿ. ಹಳೆಯ ಗಾಡಿಯ ಕಪ್ಲರ್ ಬಿಚ್ಚಿ ನೋಡಿ, ಹಿತ್ತಾಳೆ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ವೈರಿನ ಮೇಲುಹೊದಿಕೆ ಚೆನ್ನಾಗಿಯೇ ಕಂಡರೂ ಸುಲಿದರೆ ಒಳಗಿನ ತಾಮ್ರ ಕಪ್ಪಾಗಿ, ಬೆರಳಲ್ಲಿ ಹೊಸೆದರೆ ಪುಡಿಯಾಗುತ್ತದೆ. ಅಂಥ ವೈರಿಗೆ ಹೊಸ ಜೋಡಣೆ ಮಾಡಿ ಪ್ರಯೋಜನವಿಲ್ಲ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ಎರಡು ವೈರ್ ತಿರುಚಿ ಟೇಪ್ ಸುತ್ತುವ ಕೆಲಸ ಇಲ್ಲಿ ಒಂದು ಮಳೆಗಾಲವೂ ಬಾಳುವುದಿಲ್ಲ. ಸರಿಯಾದ ಇಕ್ಕಳದಲ್ಲಿ ಒತ್ತಿದ ಜೋಡಣೆ, ಅದರ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಕಪ್ಲರಿನ ಒಳಗೆ ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ನೀರು ತಡೆಯುವ ಗ್ರೀಸ್). ವೈರನ್ನು ಸೈಲೆನ್ಸರ್ ಪೈಪಿನಿಂದಲೂ ಪ್ಲಗ್ ವೈರಿನಿಂದಲೂ ಆಲ್ಟರ್ನೇಟರಿನಿಂದಲೂ ದೂರ ಒಯ್ಯಿರಿ. ಸೆನ್ಸರ್ ಹತ್ತಿರ ವೈರನ್ನು ಸ್ವಲ್ಪ ಜೋತು ಬಿಡಿ, ನೀರು ವೈರು ಹಿಡಿದು ಕಪ್ಲರಿಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಮುಳ್ಳು ಕುಣಿಯುತ್ತಿದ್ದರೆ ಗಾಡಿ ನಿಲ್ಲಿಸಿಯೇ ಕಾರಣ ಹುಡುಕಬಹುದು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗ ಮುಳ್ಳು ಏಳುತ್ತಿದ್ದರೆ ಅದು ಇಗ್ನಿಷನ್ ಗದ್ದಲ, ಗಾಲಿಗೆ ಸಂಬಂಧವೇ ಇಲ್ಲ. ಹಾರ್ನ್ ಅಥವಾ ಬ್ರೇಕ್ ಒತ್ತಿದಾಗ ಹಾರಿದರೆ ಅರ್ಥ್ ನೋಡಿ. ಗದ್ದಲ ನಿಲ್ಲದಿದ್ದರೆ ಮೈಕಿಗೆ ಬಳಸುವಂಥ ಶೀಲ್ಡ್ (ವೈರಿನ ಸುತ್ತ ಲೋಹದ ಜಾಲರಿ) ಇರುವ ವೈರ್ ಹಾಕಿ, ಆ ಶೀಲ್ಡನ್ನು ಮೀಟರ್ ಕಡೆಯ ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಎರಡೂ ತುದಿ ಅರ್ಥ್ ಮಾಡಿದರೆ ಶೀಲ್ಡಿನಲ್ಲೇ ಕರೆಂಟ್ ಹರಿದು ಗದ್ದಲ ಹೆಚ್ಚುತ್ತದೆ.

ಇನ್ನು ಲೆಕ್ಕ. ಜಪಾನಿನ ಮಾನದಂಡದಲ್ಲಿ ಗಾಡಿ 60 ಕಿಲೋಮೀಟರ್ ವೇಗದಲ್ಲಿದ್ದಾಗ ಮೀಟರ್ ಕೇಬಲ್ ನಿಮಿಷಕ್ಕೆ 637 ಸುತ್ತು ತಿರುಗುತ್ತದೆ. 60ರ ವೇಗದಲ್ಲಿ ಒಂದು ಕಿಲೋಮೀಟರಿಗೆ ಒಂದು ನಿಮಿಷ, ಹಾಗಾಗಿ ಕಿಲೋಮೀಟರಿಗೆ 637 ಸುತ್ತು. ಸುತ್ತಿಗೆ 4 ಪಲ್ಸಿನ ಸೆನ್ಸರ್ ಆದರೆ ಕಿಲೋಮೀಟರಿಗೆ 2548 ಪಲ್ಸ್. 60ರ ವೇಗದಲ್ಲಿ ಸೆಕೆಂಡಿಗೆ ಸುಮಾರು 42 ಪಲ್ಸ್ ಬಂದಂತಾಯಿತು. ಜಪಾನಿ ಮೂಲದ ಗಾಡಿಗೆ ಇದು ಶುರುಮಾಡಲು ಒಳ್ಳೆಯ ಸಂಖ್ಯೆ. ಅಮೆರಿಕದ ಮೀಟರುಗಳಲ್ಲಿ ಮೈಲಿ ಲೆಕ್ಕ ಇರುತ್ತದೆ, ಮೈಲಿಗೆ 8000 ಅಥವಾ 16000 ಪಲ್ಸ್ ಅಂತ ಬರೆದಿದ್ದರೆ 1.609ರಿಂದ ಭಾಗಿಸಿ ಕಿಲೋಮೀಟರಿಗೆ ತನ್ನಿ.

ಸಂಖ್ಯೆ ಹಾಕಿದ ಮೇಲೆ ರಸ್ತೆಯಲ್ಲಿ ನೋಡಬೇಕು. ಅಂಕೋಲಾ ಕುಮಟಾ ನಡುವೆ ಹೆದ್ದಾರಿಯಲ್ಲಿ ನೇರ, ಸಮತಟ್ಟು ಜಾಗ ಸಿಗುತ್ತದೆ, ಬೆಳಿಗ್ಗೆ ಬೇಗ ಹೋದರೆ ಲಾರಿಗಳ ಕಾಟವೂ ಕಡಿಮೆ. ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಜಿಪಿಎಸ್ ವೇಗ ನೋಡಲಿ, ನೀವು ಮೀಟರಿನಲ್ಲಿ ಒಂದೇ ವೇಗ ಹಿಡಿದಿರಿ. ಜಿಪಿಎಸ್ 60 ಅನ್ನುವಾಗ ಮೀಟರ್ 66 ತೋರಿಸಿದರೆ, 2548ನ್ನು 66ರಿಂದ ಗುಣಿಸಿ 60ರಿಂದ ಭಾಗಿಸಿ, 2803 ಬರುತ್ತದೆ. ಅದನ್ನು ಹಾಕಿ. ಮೀಟರ್ ಜಾಸ್ತಿ ತೋರಿಸಿದರೆ ಸಂಖ್ಯೆ ಏರಿಸಬೇಕು, ಕಡಿಮೆ ತೋರಿಸಿದರೆ ಇಳಿಸಬೇಕು. ಕೆಲವು ಮೀಟರುಗಳಲ್ಲಿ ಬಟನ್ ಒತ್ತಿ, ಗೊತ್ತಿರುವ ದೂರ ಓಡಿಸಿ, ಮತ್ತೆ ಒತ್ತಿದರೆ ತಾನೇ ಎಣಿಸಿಕೊಳ್ಳುತ್ತದೆ. ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಓಡಿಸಬಹುದು, ಆದರೆ ರಸ್ತೆ ಅಗಲ ಮಾಡಿದ ಕಡೆ ಎಲ್ಲ ಕಲ್ಲೂ ಸರಿಯಾದ ದೂರದಲ್ಲಿ ಇರುತ್ತದೆ ಅಂತಿಲ್ಲ, ಹಾಗಾಗಿ ಜಿಪಿಎಸ್‌ನಲ್ಲಿ ಒಮ್ಮೆ ತಾಳೆ ನೋಡಿ. ಬಟನ್ ಒತ್ತುವ ಕೆಲಸ ಪಕ್ಕದವರದ್ದು, ಓಡಿಸುವವರದ್ದಲ್ಲ.

ಮೀಟರನ್ನು ಜಿಪಿಎಸ್‌ಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಸಬೇಕು ಅಂತ ಕೆಲವರು ಹೊರಡುತ್ತಾರೆ. ಬೇಡ. ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಜಾಸ್ತಿ ತೋರಿಸುವುದಾದರೆ ಹತ್ತನೇ ಒಂದು ಭಾಗ ಮತ್ತು 4 ಕಿಲೋಮೀಟರಿನವರೆಗೆ. ಅಂದರೆ ನಿಜವಾಗಿ 80 ಇದ್ದಾಗ ಮೀಟರ್ 80ರಿಂದ 92ರ ಒಳಗೆ ಇರಬಹುದು. ಒಂದೆರಡು ಕಿಲೋಮೀಟರ್ ಮೇಲೆಯೇ ಇಡಿ. ಟೈರಿಗೆ ಗಾಳಿ ಜಾಸ್ತಿ ಹಾಕಿದರೂ, ಅದೇ ಅಳತೆಯ ಹೊಸ ಟೈರ್ ಬಂದರೂ ನಿಜವಾದ ವೇಗ ಮೀಟರನ್ನು ದಾಟುವುದಿಲ್ಲ.

ಎಬಿಎಸ್ ಇರುವ ಹೊಸ ಕಾರುಗಳಿಗೆ ಇದೆಲ್ಲ ನಡೆಯುವುದು ಕಡಿಮೆ. ಬಹಳಷ್ಟರಲ್ಲಿ ಗೇರ್‌ಬಾಕ್ಸ್ ಮೇಲೆ ಸೆನ್ಸರೇ ಇಲ್ಲ, ವೇಗ ಗಾಲಿಯ ಸೆನ್ಸರಿನಿಂದ ಎಬಿಎಸ್ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಡಿಜಿಟಲ್ ಸಂದೇಶವಾಗಿ ಮೀಟರಿಗೆ ಬರುತ್ತದೆ. ಗಾಲಿಯ ಸೆನ್ಸರಿನ ವೈರಿಗೆ ಕೈ ಹಾಕಲೇಬೇಡಿ, ಅದು ಬ್ರೇಕಿನ ವಿಷಯ. ಅಂಥ ಕಾರಿಗೆ, ಅಥವಾ ಸೆನ್ಸರ್ ಕೂರಿಸಲು ಜಾಗವೇ ಇಲ್ಲದ ಗಾಡಿಗೆ, ಜಿಪಿಎಸ್ ಮೀಟರ್ ಒಂದು ದಾರಿ. ಆದರೆ ಕಾರವಾರ ಬಿಣಗಾ ನಡುವಿನ ಸುರಂಗದೊಳಗೆ ಹೊಕ್ಕ ಕೂಡಲೇ ಅದಕ್ಕೆ ಉಪಗ್ರಹ ಕಾಣುವುದಿಲ್ಲ, ದಟ್ಟ ಕಾಡಿನ ಘಾಟಿ ತಿರುವುಗಳಲ್ಲೂ ತಡವರಿಸಬಹುದು. ಗೇರ್‌ಬಾಕ್ಸಿನ ಪಲ್ಸಿಗೆ ಆ ತೊಂದರೆ ಇಲ್ಲ. ಈ ಜಿಲ್ಲೆಯಲ್ಲಿ ಓಡಾಡುವ ಹಳೆಯ ಗಾಡಿಗೆ ನಾನು ವೈರಿನ ಸೆನ್ಸರನ್ನೇ ಹೇಳುವುದು ಇದೇ ಕಾರಣಕ್ಕೆ.

ಹಳೆಯ ಮೀಟರ್ ಬಿಚ್ಚುವ ದಿನ ಅದರಲ್ಲಿ ಎಷ್ಟು ಕಿಲೋಮೀಟರ್ ಇತ್ತು ಅಂತ ಫೋಟೋ ತೆಗೆದು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ, ಮುಂದೆ ಗಾಡಿ ಕೊಳ್ಳುವವರಿಗೆ ಅದು ಬೇಕು. ಕೊನೆಗೆ ಹೊಂದಿಸಿದ ಪಲ್ಸ್ ಸಂಖ್ಯೆಯನ್ನೂ ಟೈರಿನ ಅಳತೆಯನ್ನೂ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಬರೆದಿಡಿ. ಟೈರ್ ಬದಲಿಸಿದಾಗ ಉಪಯೋಗಕ್ಕೆ ಬರುತ್ತದೆ. ಜಿಪ್ಸಿಗೆ 205/70 ಆರ್15 ತೆಗೆದು 215/75 ಆರ್15 ಹಾಕಿದರೆ ಗಾಲಿಯ ಅಡ್ಡಳತೆ 668 ಮಿಲಿಮೀಟರಿನಿಂದ ಸುಮಾರು 703ಕ್ಕೆ ಏರುತ್ತದೆ, ಮೀಟರ್ 80 ತೋರಿಸುವಾಗ ಗಾಡಿ 84ರಲ್ಲಿರುತ್ತದೆ. ಹಳೆಯ ಸಂಖ್ಯೆ 2548 ಆಗಿದ್ದರೆ ಹೊಸದು 2419 ಹಾಕಿ.